ಮೇಯುವ ದನಗಳಿಗೆ ಬೇಸಿಗೆಯ ಪೂರಕ ಆಹಾರ



ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ನಮ್ಮ ಸೀಮೆಯಲ್ಲಿ ಮೇವಿಗೆ ಕೊರತೆಯಿಲ್ಲವೆಂಬ ಭಾವನೆಯಿದೆ. ಚಿಮ್ಮಡದ ಸುತ್ತ ಕಬ್ಬು ಕಟಾವಿನ ಕಾಲಕ್ಕೆ ಸೋಗೆ ರಾಶಿ ಬೀಳುತ್ತದೆ. ಜೋಳದ ಕಣಿಕೆ ಬಣವೆಯಲ್ಲಿರುತ್ತದೆ. ಆದರೂ ಮಾರ್ಚ್‌ನಿಂದ ಜೂನ್‌ವರೆಗೆ ಬಯಲಿನಲ್ಲಿ ಮೇಯ್ದು ಬರುವ ದನಗಳು ಬಡಕಲಾಗುತ್ತವೆ. ಆಕಳು ಸಕಾಲಕ್ಕೆ ಬೆದೆಗೆ ಬಾರದೆ ಸೂಲು ಹಿಂದೆ ಬೀಳುತ್ತದೆ. ಖಿಲಾರಿ ಎತ್ತು ಸಹ ಮುಂಗಾರಿನ ಮೊದಲ ಗಳೆಗೇ ಸೋಲುತ್ತದೆ. ಹೊಟ್ಟೆ ತುಂಬಿದ್ದರೂ ಹೀಗಾಗುವುದೇಕೆ?

ದನದ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೇ ನಾರನ್ನು ಅರಗಿಸುತ್ತವೆ. ಅವುಗಳ ಬೆಳವಣಿಗೆಗೆ ಮೇವಿನಲ್ಲಿ ಶೇ. 7ರಷ್ಟಾದರೂ ಸಸಾರಜನಕ ಬೇಕು. ಒಣ ಕಣಿಕೆಯಲ್ಲಿರುವುದು ಸುಮಾರು ಶೇ. 3ರಿಂದ 4 ಮಾತ್ರ. ಆದ್ದರಿಂದ ಮೇವು ಅರಗದೆ ಹೊಟ್ಟೆಯಲ್ಲಿಯೇ ತಂಗುತ್ತದೆ, ದನ ತಿನ್ನುವುದೂ ಕಡಿಮೆಯಾಗುತ್ತದೆ. ಕೊರತೆ ಮೇವಿನ ಪ್ರಮಾಣದ್ದಲ್ಲ, ಸತ್ವದ್ದು.

ಲೆಕ್ಕ ಸರಳವಾಗಿದೆ. 6 ಕೆ.ಜಿ. ಕಣಿಕೆಯಿಂದ ದೊರೆಯುವ ಸಸಾರಜನಕ ಸುಮಾರು 210 ಗ್ರಾಂ. ಅದಕ್ಕೆ ಮುಕ್ಕಾಲು ಕೆ.ಜಿ. ಶೇಂಗಾ ಹಿಂಡಿ ಸೇರಿಸಿದರೆ ಮತ್ತೆ 300 ಗ್ರಾಂ ಬಂದು, ಒಟ್ಟು ಆಹಾರದಲ್ಲಿ ಅದರ ಪಾಲು ಶೇ. 7ನ್ನು ದಾಟುತ್ತದೆ. ಹಿಂಡಿ ಕೊಳ್ಳಲಾಗದವರು 100 ಕೆ.ಜಿ. ಒಣ ಮೇವಿಗೆ 4 ಕೆ.ಜಿ. ಯೂರಿಯಾವನ್ನು 40–50 ಲೀಟರ್ ನೀರಿನಲ್ಲಿ ಪೂರ್ಣ ಕರಗಿಸಿ ಸಮವಾಗಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಡಬಹುದು. ತಿನ್ನಿಸುವ ಮುನ್ನ ಮೇವನ್ನು ಗಾಳಿಗೆ ಹರಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದು ಸಲ್ಲದು. ಯೂರಿಯಾವನ್ನು ನೀರಿನಲ್ಲಿ ಕಲಸಿ ಕುಡಿಸಿದರೆ ದನ ಸಾಯುತ್ತದೆ. ಆದಕಾರಣ ಮೊದಲ ಬಾರಿ ಪಶುವೈದ್ಯಾಧಿಕಾರಿಗಳ ಸಮ್ಮುಖದಲ್ಲಿಯೇ ಮಾಡತಕ್ಕದ್ದು.

ಹಸಿ ಸೋಗೆಯೊಂದನ್ನೇ ನಂಬುವುದೂ ಸರಿಯಲ್ಲ. ಅದರಲ್ಲಿರುವ ಆಕ್ಸಲೇಟ್ ಅಂಶವು ಸುಣ್ಣದಂಶ ದೇಹಕ್ಕೆ ದಕ್ಕದಂತೆ ತಡೆಯುತ್ತದೆ. ಸೋಗೆಯನ್ನು ಕತ್ತರಿಸಿ, ಕಣಿಕೆಯೊಡನೆ ಬೆರೆಸಿ, ಬೆಳೆದ ದನಕ್ಕೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ನೀಡುವುದು ಒಳಿತು.

ಉತ್ತರ ಆಸ್ಟ್ರೇಲಿಯಾದಲ್ಲಿ ಮಾಂಸಕ್ಕಾಗಿ ಸಾಕುವ ದನಗಳಿಗೂ ಒಣಕಾಲದಲ್ಲಿ ಯೂರಿಯಾ ಮತ್ತು ಕಾಕಂಬಿಯ ಮಿಶ್ರಣವನ್ನು ಹದವರಿತು ನೀಡುತ್ತಾರೆ. ನಮ್ಮ ರಾಜ್ಯದಲ್ಲಿ 2020ರ ಕಾಯ್ದೆಯು ಆಕಳು, ಎತ್ತುಗಳ ಹತ್ಯೆಯನ್ನು ನಿಷೇಧಿಸಿರುವುದರಿಂದ ಇಲ್ಲಿನ ಉದ್ದೇಶ ಹಾಲು, ದುಡಿಮೆ ಮತ್ತು ಸೂಲು. ಉದ್ದೇಶ ಬೇರೆಯಾದರೂ ದನದ ಹೊಟ್ಟೆಯ ನಿಯಮ ಒಂದೇ.

ದನ ಬಡಕಲಾದ ಮೇಲೆ ಅದನ್ನು ಎತ್ತಿ ನಿಲ್ಲಿಸುವ ವೆಚ್ಚ ಅಧಿಕ. ಆದ್ದರಿಂದ ಸದಸ್ಯರು ಕಟಾವು ಆರಂಭವಾಗುವ ಮುನ್ನವೇ ಈ ವಿಷಯವನ್ನು ಗ್ರಾಮಸಭೆಯಲ್ಲಿ ಚರ್ಚೆಗೆ ತರುವುದು. ತಮ್ಮ ವಾರ್ಡಿನಲ್ಲಿ ಒಂದು ಮನೆಯಲ್ಲಾದರೂ ಮೇವು ಉಪಚಾರದ ಪ್ರಾತ್ಯಕ್ಷಿಕೆ ಏರ್ಪಡಿಸುವುದು. ಮೇಯುವ ದಾರಿಯ ನೀರಿನ ತೊಟ್ಟಿಗಳು ಬೇಸಿಗೆಗೆ ಮೊದಲು ದುರಸ್ತಿಯಾಗುವಂತೆ ನೋಡಿಕೊಳ್ಳುವುದು. ಎತ್ತು ಉಳಿದರೆ ಸಣ್ಣ ಹಿಡುವಳಿದಾರನ ಬಿತ್ತನೆಯೂ ಸಕಾಲಕ್ಕೆ ನಡೆಯುತ್ತದೆ.