ಅಮೆರಿಕದಿಂದ ಬೆಂಗಳೂರಿಗೆ ಎರಡು ದಿನದ ವಿಮಾನ ಪ್ರಯಾಣವೇ?

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನ ಬೆಂಗಳೂರಿನಲ್ಲಿ ಇಳಿದದ್ದು 11ರ ನಸುಕಿನಲ್ಲಿ. ಹಾಗಾದರೆ ಎರಡು ದಿನ ಹಾರಿತೇ? ಇಲ್ಲ. ನೇರ ದೂರ ಸುಮಾರು 14,000 ಕಿ.ಮೀ.; ಹಿಡಿದದ್ದು ಸುಮಾರು 17 ಗಂಟೆ.

ಗೊಂದಲ ಗಡಿಯಾರದ್ದು. ಟಿಕೆಟ್‌ನಲ್ಲಿ ಹೊರಡುವ ಸಮಯ ಅಲ್ಲಿಯದು, ಇಳಿಯುವ ಸಮಯ ಇಲ್ಲಿಯದು. ಚಳಿಗಾಲದಲ್ಲಿ ನಾವು ಅವರಿಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತೇವೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಲೆಕ್ಕ ಹಾಕಿ ನೋಡೋಣ: ಅಲ್ಲಿ 9ರ ರಾತ್ರಿ 8.30 ಆದಾಗ ಇಲ್ಲಿ 10ರ ಬೆಳಿಗ್ಗೆ 10. ಅದಕ್ಕೆ 17 ಗಂಟೆ ಕೂಡಿಸಿದರೆ 11ರ ನಸುಕಿನ 3.

ಮಕ್ಕಳನ್ನು ಕರೆತರಲು ಚಳ್ಳಕೆರೆ, ಮೊಳಕಾಲ್ಮೂರಿನಿಂದ ಕಾರು ಮಾಡಿಕೊಂಡು ಹೋಗುವವರು ಇಳಿಯುವ ತಾರೀಖನ್ನೇ ನೋಡಿ. 11ರ ನಸುಕಿನ 3 ಗಂಟೆ ಎಂದಿದ್ದರೆ 10ರ ರಾತ್ರಿಯೇ ಊರು ಬಿಡಬೇಕು.