ಇಕ್ಕೇರಿಯ ಕಂಬ, ಅಡಿಕೆ ತೋಟದ ಕೋಲು

ಜೋಗ ನೋಡಲು ಬರುವ ನೆಂಟರನ್ನು ಮೊದಲು ಇಕ್ಕೇರಿಗೆ ಕರೆದೊಯ್ಯುವುದು ನನ್ನ ಹಠ. ಸಾಗರದಿಂದ ಐದಾರು ಕಿಲೋಮೀಟರ್, ಅಷ್ಟೇ. ಅಘೋರೇಶ್ವರ ದೇವಸ್ಥಾನದೊಳಗೆ ಎಲ್ಲರೂ ಕತ್ತೆತ್ತಿಕೊಂಡೇ ನಡೆಯುತ್ತಾರೆ. ನೆಲವನ್ನೂ ನೋಡಿ ಮಾರಾಯ್ರೇ ಅನ್ನುತ್ತೇನೆ.

ಕೆಳದಿಯಲ್ಲಿ 1500ರ ಹೊತ್ತಿಗೆ ಚೌಡಪ್ಪನಿಂದ ಶುರುವಾದ ನಾಯಕರ ಆಳ್ವಿಕೆ ಇಕ್ಕೇರಿಗೆ ಬಂತು, 1639ರ ಸುಮಾರಿಗೆ ಬಿದನೂರಿಗೆ ಹೋಯಿತು. ಇಲ್ಲಿನ ಅರಮನೆ ಮಣ್ಣು, ಮರದ್ದು. ಮಲೆನಾಡಿನ ಮಳೆಗೆ ಉಳಿಯಲಿಲ್ಲ. ಗುಡಿ ಕಲ್ಲಿನದು, ಉಳಿಯಿತು. 1623ರಲ್ಲಿ ವೆಂಕಟಪ್ಪ ನಾಯಕನ ಊರಿಗೆ ಬಂದಿದ್ದ ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ ಈ ಗುಡಿಯ ಬಗ್ಗೆ ಬರೆದಿಟ್ಟಿದ್ದಾನೆ.

ಗುಡಿ ಉತ್ತರಕ್ಕೆ ಮುಖ ಮಾಡಿದೆ. ಶಿಖರ ದ್ರಾವಿಡ ಶೈಲಿಯದು, ಕಂಬದ ಯಾಳಿಗಳು ವಿಜಯನಗರದವು. ಎದುರಿನ ನಂದಿಮಂಟಪಕ್ಕೆ ಮಾತ್ರ ಸುಲ್ತಾನರ ಕಟ್ಟಡಗಳ ಧಾಟಿಯ ಕಮಾನು. ಈ ಬೆರಕೆ ನನಗಂತೂ ಇಷ್ಟ. ಗರ್ಭಗುಡಿಯ ಬಹುಪಾಲು ಜಾಗವನ್ನು ಪೀಠವೇ ನುಂಗಿದೆ. ಅದರ ಸುತ್ತ ಕೂತ ಹೆಣ್ಣುರೂಪಗಳು 32.

ಇನ್ನು ನೆಲ. ದೇವರೆದುರು ಮೂವರು ನಾಯಕರು ಅಡ್ಡಬಿದ್ದಂತೆ ಕೆತ್ತಿದ್ದಾರೆ, ಹೆಸರೂ ಕೊರೆದಿದ್ದಾರೆ. ಒಬ್ಬ ಹುಚ್ಚ ಸೋಮಶೇಖರ. ಕೈಗೂ ಕಾಲಿಗೂ ಕೋಳ. ಕುದುರೆ ಮೇಲೆ ಕೂತ ದೊರೆಯನ್ನು ಎಲ್ಲ ಗುಡಿಯೂ ತೋರಿಸುತ್ತದೆ, ಬೇಡಿ ತೊಟ್ಟವನನ್ನು ಯಾರು ತೋರಿಸುತ್ತಾರೆ?

ಅಡಿಕೆ ಬೆಳೆಗಾರನಾದ ನನಗೆ ಇದಕ್ಕಿಂತ ದೊಡ್ಡ ಸಂಗತಿ ಕಂಬಗಳ ನಡುವಿನ ಖಾಲಿ ಜಾಗ. ಮಂಟಪದ ನಡುಗಂಬಗಳ ಅಂತರವೇ ಸೀಮೆಯ ತೋಟಗಳಿಗೆ ಅಳತೆಗೋಲಾಗಿತ್ತೆಂದು ಬಿ.ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ: 18 ಅಡಿ 6 ಅಂಗುಲ. ಆ ಕೋಲಿನಷ್ಟು ಚೌಕ ಒಂದು ದಾಯ, ಕಂದಾಯದ ಲೆಕ್ಕ ಅದರ ಮೇಲೆ. ಕೋಲು ಕುಗ್ಗಿಸಿದ್ದಾರೆ, ಹಿಗ್ಗಿಸಿದ್ದಾರೆ ಎಂಬ ತಕರಾರು ಎದ್ದರೆ ಗುಡಿಗೇ ಹೋಗಿ ಅಳೆದು ನೋಡಬಹುದಿತ್ತಲ್ಲ! ದೇವರ ಮನೆಯ ಕಂಬವನ್ನು ಯಾವ ಶಾನುಭೋಗ ಸರಿಸಿಯಾನು?

1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ‘ಶಿಸ್ತು’ ಎಂಬ ಕಂದಾಯ ಪದ್ಧತಿ ಇನ್ನೂ ಮುಂದಿನ ಹೆಜ್ಜೆ. ಊರೂರಲ್ಲಿ ಒಂದೊಂದು ತರದ ಹೊಲವನ್ನು 12 ವರ್ಷ ತಾನೇ ಸಾಗುವಳಿ ಮಾಡಿಸಿ, ಬೀಜ, ಖರ್ಚು, ಫಸಲು ಬರೆಸಿ, ಸರಾಸರಿ ತೆಗೆದು ಕಂದಾಯ ಗೊತ್ತು ಮಾಡಿದನಂತೆ. ಈಗಿನವರು ಒಂದು ಮಳೆಗಾಲ ನೋಡಿದರೂ ಸಾಕಿತ್ತು.

ಆ ಕಂದಾಯ ಕಟ್ಟುತ್ತಿದ್ದ ಚಿನ್ನದ ನಾಣ್ಯ ಇಕ್ಕೇರಿ ವರಹ. ಟಂಕಸಾಲೆ ಬಿದನೂರಿಗೆ ಹೋದ ಮೇಲೂ ಅದರ ಹೆಸರು ಬದಲಾಗಲಿಲ್ಲ.