ಗೆರೆಯಿಂದ ಮಾದರಿಗೆ: ರಸ್ತೆ ವಿನ್ಯಾಸದ ಹೊಸ ತಂತ್ರಾಂಶಗಳು

ಸರ್ವೇಯರ್, ಡ್ರಾಫ್ಟ್ಸ್‌ಮನ್, ಕ್ವಾಂಟಿಟಿ ಸರ್ವೇಯರ್, ಸೈಟ್ ಎಂಜಿನಿಯರ್ ಆಗಿ ದುಡಿಯುವ ಕನ್ನಡಿಗರು ನಮ್ಮ ನಡುವೆ ಹಲವರಿದ್ದಾರೆ. ಅವರು ದಿನವೂ ಬಳಸುವ ವಿನ್ಯಾಸ ತಂತ್ರಾಂಶಗಳು ಕೆಲವೇ ವರ್ಷಗಳಲ್ಲಿ ಬಹಳ ಬದಲಾಗಿವೆ. ಇದರಿಂದ ನಮ್ಮ ಕೆಲಸ ಹೋಗುತ್ತದೆಯೇ ಎಂಬ ಆತಂಕ ಸಹಜ. ಹಾಗಾಗಿ ಏನು ಬದಲಾಗಿದೆ ಎಂದು ನೋಡೋಣ.

1982ರಲ್ಲಿ ಬಂದ ಆಟೋಕ್ಯಾಡ್ ಡ್ರಾಯಿಂಗ್ ಬೋರ್ಡಿನ ಜಾಗಕ್ಕೆ ಕಂಪ್ಯೂಟರನ್ನು ತಂದಿತು. ಆದರೆ ಗೆರೆ ಗೆರೆಯಾಗಿಯೇ ಉಳಿಯಿತು. ಸಿವಿಲ್ 3ಡಿಯಂಥ ತಂತ್ರಾಂಶದಲ್ಲಿ ರಸ್ತೆ ಒಂದು ಮಾದರಿ. ನೆಲದ ಮೇಲ್ಮೈ, ರಸ್ತೆಯ ಮಧ್ಯರೇಖೆ, ಏರಿಳಿತ, ಅಡ್ಡಕೊಯ್ತ ಎಲ್ಲವೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. 10 ಕಿಲೋಮೀಟರ್ ರಸ್ತೆಗೆ 20 ಮೀಟರಿಗೊಂದರಂತೆ 501 ಅಡ್ಡಕೊಯ್ತಗಳು. ಮೊದಲು ಮಧ್ಯರೇಖೆ ಸರಿದರೆ ಇವನ್ನೆಲ್ಲ ಕೈಯಾರೆ ತಿದ್ದಬೇಕಿತ್ತು. ಈಗ ಮಾದರಿಯೇ ತಿದ್ದಿಕೊಡುತ್ತದೆ.

ಈಚಿನ ಆವೃತ್ತಿಗಳಲ್ಲಿ ಇನ್ನಷ್ಟು ಅನುಕೂಲಗಳಿವೆ. 2020ರ ಆವೃತ್ತಿಯಿಂದ ಸಿವಿಲ್ 3ಡಿ ಜತೆ ಡೈನಮೋ ಬರುತ್ತಿದೆ. ನೂರಾರು ದೀಪದ ಕಂಬಗಳನ್ನು ರಸ್ತೆಯುದ್ದಕ್ಕೂ ಇಡುವಂಥ ಮತ್ತೆ ಮತ್ತೆ ಮಾಡುವ ಕೆಲಸವನ್ನು, ಕೋಡ್ ಬರೆಯದೆ ಚೌಕಗಳನ್ನು ಜೋಡಿಸಿ ಒಮ್ಮೆಗೇ ಮಾಡಿಸಬಹುದು. 2021ರಲ್ಲಿ ಒತ್ತಡದ ನೀರಿನ ಕೊಳವೆಗಳ ವಿನ್ಯಾಸ ಸರಳವಾಯಿತು. ಆಟೋಕ್ಯಾಡ್ 2023ರಲ್ಲಿ ಬಂದ ಮಾರ್ಕಪ್ ಇಂಪೋರ್ಟ್ ಡ್ರಾಫ್ಟ್ಸ್‌ಮನ್‌ಗಳಿಗೆ ಮೆಚ್ಚುಗೆಯಾಗುವಂಥದ್ದು. ಹಿರಿಯರು ಕೆಂಪು ಪೆನ್ನಿನಲ್ಲಿ ತಿದ್ದಿದ ಕಾಗದದ ಫೋಟೋ ತೆಗೆದು ಹಾಕಿದರೆ, ಅದು ಡ್ರಾಯಿಂಗ್ ಮೇಲೆ ಪಾರದರ್ಶಕ ಹಾಳೆಯಂತೆ ಕೂರುತ್ತದೆ.

ಹಾಗಾದರೆ ಮನುಷ್ಯನಿಗೆ ಏನು ಕೆಲಸ? ಬೇಕಾದಷ್ಟಿದೆ. ಕೊಂಡಿ ಹಾಕಿದ ಮಾದರಿಯಲ್ಲಿ ಒಂದು ತಪ್ಪು ಎಲ್ಲ ಹಾಳೆಗಳಿಗೂ ಹರಡುತ್ತದೆ. ಮಧ್ಯರೇಖೆ ಬದಲಿಸಿ ಕಾರಿಡಾರನ್ನು ರೀಬಿಲ್ಡ್ ಮಾಡದಿದ್ದರೆ ಮಣ್ಣಿನ ಲೆಕ್ಕ ಹಳೆಯದೇ ಉಳಿಯುತ್ತದೆ, ಬಿಲ್ಲೂ ಅದರಂತೆಯೇ ಹೋಗುತ್ತದೆ. ನಿರ್ದೇಶಾಂಕ ಪದ್ಧತಿಯ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ದುಬೈಗೆ ತನ್ನದೇ ಡಿಎಲ್‌ಟಿಎಂ ಇದೆ, ಕತಾರ್‌ಗೆ ತನ್ನದೇ ರಾಷ್ಟ್ರೀಯ ಗ್ರಿಡ್ ಇದೆ, ಅಬುಧಾಬಿಯಲ್ಲಿ ಯುಟಿಎಂ 40ನೇ ವಲಯ. ಒಂದರ ಬದಲು ಇನ್ನೊಂದು ಆರಿಸಿದರೆ ರಸ್ತೆ ಪರದೆಯ ಮೇಲೆ ಸುಂದರವಾಗಿಯೇ ಕಾಣುತ್ತದೆ, ನೆಲದ ಮೇಲೆ ಎಲ್ಲೋ ಇರುತ್ತದೆ. ಕರಾವಳಿಯ ಸಬ್ಖಾ ಮಣ್ಣು ಉಪ್ಪಿನಿಂದ ಕೂಡಿದ್ದು, ನೀರು ತಾಗಿದರೆ ಬಲ ಕಳೆದುಕೊಳ್ಳುತ್ತದೆ. ಪರದೆಯ ಮೇಲಿನ ಮೇಲ್ಮೈ ಎತ್ತರವನ್ನಷ್ಟೇ ತೋರಿಸುತ್ತದೆ. ಮಣ್ಣಿನ ಗುಣ ತಿಳಿಯುವುದು ಪರೀಕ್ಷೆಯಿಂದ ಮತ್ತು ಸೈಟಿನಲ್ಲಿ ನಿಂತವರ ಅನುಭವದಿಂದ.

ಕಲಿಯುವುದಂತೂ ಅನಿವಾರ್ಯ. ದುಬೈ ಮುನಿಸಿಪಾಲಿಟಿ 2013ರ ಸುತ್ತೋಲೆಯಲ್ಲಿ 40 ಮಹಡಿ ಮೀರಿದ ಕಟ್ಟಡಗಳಿಗೆ ಬಿಮ್ ಮಾದರಿ ಕಡ್ಡಾಯ ಮಾಡಿತು; 2015ರಲ್ಲಿ ಆ ಮಿತಿಯನ್ನು 20 ಮಹಡಿಗೆ ಇಳಿಸಿತು. ಬರೀ ಗೆರೆ ಎಳೆಯಬಲ್ಲವರ ಬೇಡಿಕೆ ಕುಗ್ಗುವುದು, ಮಾದರಿಯನ್ನು ಪರಿಶೀಲಿಸಬಲ್ಲವರ ಬೇಡಿಕೆ ಹೆಚ್ಚುವುದು ಇಲ್ಲಿಂದಲೇ ತಿಳಿಯುತ್ತದೆ.

ಊರಿನಲ್ಲಿ ಡಿಪ್ಲೊಮಾ ಓದುತ್ತಿರುವ ತಮ್ಮಂದಿರಿಗೂ ಒಂದು ಮಾತು ತಿಳಿಸಿ. ವಿದ್ಯಾರ್ಥಿಗಳಿಗೆ ಆಟೋಡೆಸ್ಕ್ ತನ್ನ ತಂತ್ರಾಂಶಗಳನ್ನು ಕಲಿಕೆಗಾಗಿ ಉಚಿತವಾಗಿ ಕೊಡುತ್ತದೆ. ಸಂಬಳದ ಕೆಲಸಕ್ಕೆ ಅದನ್ನು ಬಳಸುವಂತಿಲ್ಲ, ಕಲಿಯಲು ಮಾತ್ರ ಅಡ್ಡಿಯಿಲ್ಲ. ಇಲ್ಲಿರುವ ನಾವು ರಜೆಯ ದಿನ ಒಂದೆರಡು ಗಂಟೆ ಒಟ್ಟಿಗೆ ಕುಳಿತು, ಬಲ್ಲವರು ಕಲಿಯುವವರಿಗೆ ಕನ್ನಡದಲ್ಲೇ ಹೇಳಿಕೊಟ್ಟರೆ, ಸಂಘದಿಂದ ಅದಕ್ಕಿಂತ ಉಪಯುಕ್ತ ಕೆಲಸ ಇನ್ನೇನಿದೆ?